ಟಿವಿ ಡಿಶ್‌ನಲ್ಲೇ ಸ್ಯಾಟಲೈಟ್ ಇಂಟರ್ನೆಟ್ ಬರುತ್ತದಾ?

ನಿಮ್ಮ ಪ್ರಶ್ನೆ ಇಷ್ಟು: ಉಡುಪಿ ಜಿಲ್ಲೆಯ ಹೆಬ್ರಿಯಿಂದ ಒಳಗೆ, ಅಡಿಕೆ ತೋಟದ ನಡುವೆ ಮನೆ. ಫೈಬರ್ ಮುಖ್ಯ ರಸ್ತೆವರೆಗೆ ಬಂದು ನಿಂತಿದೆ. ಮೊಬೈಲ್‌ನಲ್ಲಿ ಒಂದೇ ಕಡ್ಡಿ, ಅದೂ ಅಂಗಳಕ್ಕೆ ಇಳಿದರೆ ಮಾತ್ರ. ಮಗಳಿಗೆ ಮನೆಯಿಂದ ಆಫೀಸ್ ಕೆಲಸ ಮಾಡಬೇಕು. ಮಾಡಿನ ಮೇಲೆ ಟಿವಿಯ ಹಳೇ ಡಿಶ್ ಸುಮ್ನೆ ಕೂತಿದೆ. ಎಲ್‌ಎನ್‌ಬಿ, ಅಂದರೆ ಡಿಶ್‌ನ ಮುಂದೆ ಸಿಗ್ನಲ್ ಹಿಡಿಯುವ ಸಣ್ಣ ಭಾಗ, ಬದಲಾಯಿಸಿದರೆ ಅದರಲ್ಲೇ ಸ್ಯಾಟಲೈಟ್ ಇಂಟರ್ನೆಟ್ ಬರುತ್ತದೆ ಅಂತ ಪೇಟೆಯಲ್ಲಿ ಯಾರೋ ಹೇಳಿದ್ದಾರೆ. ಹೌದಾ?

ಇಲ್ಲ ಮಾರಾಯ್ರೆ, ಬರುವುದಿಲ್ಲ. ಅಡ್ವಾನ್ಸ್ ಕೊಡಬೇಡಿ. ನಾನು ಕಾರ್ಕಳ, ಹೆಬ್ರಿ, ಅಜೆಕಾರು ಕಡೆ ಡಿಶ್ ಕೂರಿಸುತ್ತಿದ್ದವನು, ಈಗ ಜಾಸ್ತಿ ಮಾಡುವುದು ಇಂಟರ್ನೆಟ್ ಕೆಲಸ. ಈ ಪ್ರಶ್ನೆ ನನಗೆ ಆಗಾಗ ಬರುತ್ತದೆ. ಕಾರಣ ಗೊತ್ತಾದರೆ ಮುಂದೆ ಯಾರೂ ನಿಮಗೆ ಟೋಪಿ ಹಾಕಲಾರರು. ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಒಮ್ಮೆ ಡಿಶ್ ಹತ್ತಿರ ಹೋಗಿ, ಕೋಲಿನ ತುದಿಯಲ್ಲಿರುವ ಎಲ್‌ಎನ್‌ಬಿಯ ಸ್ಟಿಕರ್ ಓದಿ. ಬಿಸಿಲಿಗೆ ಮಾಸದೆ ಉಳಿದಿದ್ದರೆ ಇನ್‌ಪುಟ್ 10.7ರಿಂದ 12.75 ಗಿಗಾಹರ್ಟ್ಸ್, ಔಟ್‌ಪುಟ್ 950ರಿಂದ 2150 ಮೆಗಾಹರ್ಟ್ಸ್ ಅಂತ ಇರುತ್ತದೆ. ಅದರ ಕೆಲಸವೇ ಅಷ್ಟು. ಮೇಲಿನಿಂದ ಬಂದ ಸಣ್ಣ ಸಿಗ್ನಲ್ ಹಿಡಿದು, ಫ್ರೀಕ್ವೆನ್ಸಿ ಇಳಿಸಿ, ಕೇಬಲ್‌ನಲ್ಲಿ ಕೆಳಗೆ ಕಳಿಸುವುದು. ಸೆಟ್‌ಟಾಪ್ ಬಾಕ್ಸ್‌ನಿಂದ ಅದಕ್ಕೆ 13 ಅಥವಾ 18 ವೋಲ್ಟ್ ಕರೆಂಟ್ ಹೋಗುತ್ತದೆ. ಆದರೆ ಆಕಾಶಕ್ಕೆ ಏನನ್ನೂ ಕಳಿಸುವ ಭಾಗ ಅದರೊಳಗೆ ಇಲ್ಲ. ನಿಮ್ಮ ಡಿಶ್‌ಗೆ ಕಿವಿ ಉಂಟು, ಬಾಯಿ ಇಲ್ಲ. ಟಿವಿಗೆ ಅಷ್ಟು ಸಾಕು. ಇಂಟರ್ನೆಟ್‌ನಲ್ಲಿ ಒಂದು ಪೇಜ್ ತೆರೆಯಬೇಕಾದರೂ ಮೊದಲು ನಿಮ್ಮ ಕಡೆಯಿಂದ ಅದನ್ನು ಕೇಳುವ ಸಿಗ್ನಲ್ ಹೋಗಬೇಕು. ವಿಡಿಯೊ ಕಾಲ್‌ನಲ್ಲಂತೂ ಮಗಳ ಮುಖ, ಮಾತು ಎಲ್ಲ ಮೇಲೆ ಹೋಗಬೇಕು, ಅಲ್ವಾ?

ಪೇಟೆಯವರ ಮಾತಿಗೆ ಪೂರ್ತಿ ಬುಡ ಇಲ್ಲ ಅಂತಲೂ ಅಲ್ಲ. 1990ರ ದಶಕದ ಕೊನೆಯಲ್ಲಿ ಅಮೆರಿಕ, ಯುರೋಪ್ ಕಡೆ ಒಂದು ಪದ್ಧತಿ ಇತ್ತು. ಕಂಪ್ಯೂಟರ್‌ಗೆ ಡಿಶ್‌ನ ಸಿಗ್ನಲ್ ಓದುವ ಒಂದು ಡಿವಿಬಿ ಕಾರ್ಡ್ ಹಾಕಿ, ಡಿಶ್‌ನಿಂದ ಡೌನ್‌ಲೋಡ್ ಮಾಡುವುದು, ಅಪ್‌ಲೋಡ್ ಮಾತ್ರ ಟೆಲಿಫೋನ್ ಲೈನಿನಲ್ಲಿ. ಅದರ ವಿವರಣೆಗಳು ನೆಟ್‌ನಲ್ಲಿ ಈಗಲೂ ಸಿಗುತ್ತವೆ. ಅದನ್ನು ಇಂದಿಗೂ ನಡೆಯುವ ಉಪಾಯ ಅಂತ ನಂಬಬೇಡಿ. ನಮ್ಮಲ್ಲಿ ಟಿವಿ ಕಂಪನಿಗಳ ಸ್ಯಾಟಲೈಟ್ ಕಳಿಸುವುದು ಚಾನೆಲ್‌ಗಳನ್ನು ಮಾತ್ರ.

ಎರಡೂ ಕಡೆ ಮಾತಾಡುವ ಡಿಶ್ ಹೇಗಿರುತ್ತದೆ ಅಂತ ನೋಡಬೇಕಾದರೆ ಹಳ್ಳಿಯ ಬ್ಯಾಂಕ್ ಅಥವಾ ಪೆಟ್ರೋಲ್ ಬಂಕ್ ಮೇಲೆ ಕಣ್ಣು ಹಾಯಿಸಿ. ಕೆಲವು ಕಡೆ ಒಂದು ಮೀಟರ್‌ಗಿಂತ ಅಗಲದ ಡಿಶ್ ಇರುತ್ತದೆ. ಅದು ವಿಸ್ಯಾಟ್. ಕೋಲಿನ ತುದಿಯಲ್ಲಿ ಎಲ್‌ಎನ್‌ಬಿ ಜೊತೆಗೆ ಇನ್ನೊಂದು ಭಾರದ ಪೆಟ್ಟಿಗೆ, ಬಿಸಿ ಹೊರಹೋಗಲು ಅದರ ಮೈತುಂಬ ಗೆರೆಗೆರೆ. ಕೇಬಲ್ ಕೂಡ ಎರಡು ಇಳಿದಿರುತ್ತವೆ, ಬರುವುದಕ್ಕೆ ಒಂದು, ಹೋಗುವುದಕ್ಕೆ ಒಂದು. ಆ ಪೆಟ್ಟಿಗೆಯೇ ಸಿಗ್ನಲ್ ಕಳಿಸುವುದು, 14 ಗಿಗಾಹರ್ಟ್ಸ್ ಆಸುಪಾಸಿನಲ್ಲಿ.

ಆ ಪೆಟ್ಟಿಗೆಯನ್ನೇ ನಮ್ಮ ಡಿಶ್‌ಗೆ ಸಿಕ್ಕಿಸಿದರೆ? ಅದೂ ಆಗದು. ಮನೆಯ ಡಿಶ್ ಸಾಮಾನ್ಯವಾಗಿ 60 ಸೆಂಟಿಮೀಟರ್. ಅದರ ಕಿರಣ ಸುಮಾರು 3 ಡಿಗ್ರಿ ಅಗಲ. ಮೇಲೆ ಸ್ಯಾಟಲೈಟ್‌ಗಳು ಎರಡು ಮೂರು ಡಿಗ್ರಿ ಅಂತರದಲ್ಲಿ ಸಾಲಾಗಿ ಇವೆ. ಕೇಳುವಾಗ ಸ್ವಲ್ಪ ಆಚೀಚೆ ಆದರೆ ನಿಮ್ಮ ಟಿವಿ ಮಾತ್ರ ಕೆಡುತ್ತದೆ. ಕಳಿಸುವಾಗ ಆಚೀಚೆ ಆದರೆ ಪಕ್ಕದ ಸ್ಯಾಟಲೈಟ್‌ನ ಎಲ್ಲರಿಗೂ ತೊಂದರೆ. ಅದಕ್ಕೇ ವಿಸ್ಯಾಟ್ ಕೂರಿಸುವವರು ಕಂಪನಿಯ ಕಂಟ್ರೋಲ್ ಕೇಂದ್ರದ ಜೊತೆ ಫೋನಿನಲ್ಲಿ ಮಾತಾಡುತ್ತಾ ಬೋಲ್ಟ್ ಬಿಗಿ ಮಾಡುತ್ತಾರೆ. ಸ್ಯಾಟಲೈಟ್‌ಗೆ ಸಿಗ್ನಲ್ ಕಳಿಸುವ ಉಪಕರಣಕ್ಕೆ ಸರ್ಕಾರದ ಅನುಮತಿ ಬೇಕಾಗುವುದಕ್ಕೆ ಇದೂ ಒಂದು ಕಾರಣ.

ನಮ್ಮ ದೇಶದಲ್ಲಿ ಇಂಥ ಸೇವೆ ಇಲ್ಲದಿಲ್ಲ. ಇಸ್ರೋದ ಜಿಸ್ಯಾಟ್-11 2018ರ ಡಿಸೆಂಬರ್‌ನಲ್ಲಿ ಮೇಲೆ ಹೋಗಿದೆ. ಅದು ಮತ್ತು ಜಿಸ್ಯಾಟ್-29 ಬಳಸಿ ಹ್ಯೂಸ್ ಕಂಪನಿ 2022ರಿಂದ ಬ್ರಾಡ್‌ಬ್ಯಾಂಡ್ ಕೊಡುತ್ತಿದೆ. ಗ್ರಾಹಕರು ಹೆಚ್ಚಾಗಿ ಬ್ಯಾಂಕ್, ಕಂಪನಿ, ಸರ್ಕಾರಿ ಇಲಾಖೆಗಳು. ಆದರೆ ಈ ಸ್ಯಾಟಲೈಟ್‌ಗಳು ಭೂಮಿಯಿಂದ ಸುಮಾರು 36 ಸಾವಿರ ಕಿಲೋಮೀಟರ್ ದೂರ. ನಿಮ್ಮ ಮಾತು ಮೇಲೆ ಹೋಗಿ ಕೆಳಗೆ ಬರಲು ಕಾಲು ಸೆಕೆಂಡ್, ಉತ್ತರ ಹಾಗೇ ತಿರುಗಿ ಬರಲು ಇನ್ನೊಂದು ಕಾಲು ಸೆಕೆಂಡ್. ಸ್ಪೀಡ್ ಎಷ್ಟೇ ಇದ್ದರೂ ಈ ಅರ್ಧ ಸೆಕೆಂಡ್ ಕಡಿಮೆ ಆಗುವುದಿಲ್ಲ, ಬೆಳಕಿನ ವೇಗವೇ ಅಷ್ಟು. ಮೀಟಿಂಗ್‌ನಲ್ಲಿ ಇಬ್ಬರೂ ಒಟ್ಟಿಗೇ ಮಾತು ಶುರು ಮಾಡಿ, ಇಬ್ಬರೂ ಒಟ್ಟಿಗೇ ನಿಲ್ಲಿಸುವ ಹಾಗೆ ಆಗುತ್ತದೆ. ಮೇಲ್ ಕಳಿಸಲು ಅಡ್ಡಿ ಇಲ್ಲ. ದಿನವಿಡೀ ಕಾಲ್‌ನಲ್ಲಿ ಇರುವವರಿಗೆ ಇದನ್ನು ನಾನು ಹೇಳಲಾರೆ.

ಅಮೆರಿಕದ ಸ್ಪೇಸ್‌ಎಕ್ಸ್ ಕಂಪನಿಯ ಇಂಟರ್ನೆಟ್ ಸೇವೆ ಸ್ಟಾರ್‌ಲಿಂಕ್ ವಿಷಯ ಬೇರೆ. ಅದರ ಸ್ಯಾಟಲೈಟ್‌ಗಳು 550 ಕಿಲೋಮೀಟರ್ ಆಸುಪಾಸಿನಲ್ಲಿ ಓಡುತ್ತಿರುತ್ತವೆ. ಹತ್ತಿರ ಇರುವುದರಿಂದ ತಡ ತುಂಬ ಕಡಿಮೆ. ಆದರೆ ಅವು ಒಂದೇ ಕಡೆ ನಿಲ್ಲುವುದಿಲ್ಲ. ನಿಮ್ಮ ಟಿವಿ ಡಿಶ್ ಒಂದೇ ದಿಕ್ಕಿಗೆ ಬಿಗಿದದ್ದು. ಡಿಡಿ ಫ್ರೀ ಡಿಶ್‌ನ ಜಿಸ್ಯಾಟ್-15 ಆದರೆ ನಮ್ಮ ಜಿಲ್ಲೆಯಿಂದ ಆಗ್ನೇಯಕ್ಕೆ, ಸುಮಾರು 63 ಡಿಗ್ರಿ ಎತ್ತರದಲ್ಲಿ ಸದಾ ಅಲ್ಲೇ ಇರುತ್ತದೆ. ಓಡುವ ಸ್ಯಾಟಲೈಟನ್ನು ಟಿವಿ ಡಿಶ್ ಹಿಂಬಾಲಿಸಲಾರದು. ಸ್ಟಾರ್‌ಲಿಂಕ್‌ನ ಚಪ್ಪಟೆ ಆಂಟೆನಾ ಒಳಗಿನ ಎಲೆಕ್ಟ್ರಾನಿಕ್ಸ್‌ನಿಂದಲೇ ಕಿರಣ ತಿರುಗಿಸುತ್ತದೆ. ಹಾಗಾಗಿ ಅಲ್ಲಿಯೂ ಹಳೇ ಡಿಶ್‌ಗೆ ಕೆಲಸ ಇಲ್ಲ. ಭಾರತದಲ್ಲಿ ಆ ಕಂಪನಿಗೆ ಟೆಲಿಕಾಂ ಪರವಾನಗಿ ಸಿಕ್ಕಿದ್ದು 2025ರ ಜೂನ್‌ನಲ್ಲಿ, ಬಾಹ್ಯಾಕಾಶ ಸೇವೆಗಳಿಗೆ ಅನುಮತಿ ಕೊಡುವ ಸರ್ಕಾರಿ ಸಂಸ್ಥೆ ಇನ್-ಸ್ಪೇಸ್ ಒಪ್ಪಿಗೆ ಜುಲೈಯಲ್ಲಿ. ನಿಮ್ಮ ಊರಿಗೆ ಸೇವೆ ಉಂಟಾ ಅಂತ ಕಂಪನಿಯ ಸೈಟ್‌ನಲ್ಲೇ ನೋಡಿ, ಏಜೆಂಟ್ ಮಾತು ಕೇಳಿ ಅಲ್ಲ. ಮತ್ತೆ ತೋಟದ ನಡುವಿನ ಮನೆಗೆ ಇನ್ನೊಂದು ಸಮಸ್ಯೆ. ಸ್ಟಾರ್‌ಲಿಂಕ್ ಆಂಟೆನಾಗೆ ಆಕಾಶದ ದೊಡ್ಡ ಭಾಗ ತೆರೆದು ಕಾಣಬೇಕು. ಅಡಿಕೆ ಸೋಗೆ ಅಡ್ಡ ಬಂದಷ್ಟು ಸಲ ಲೈನ್ ಕಡಿಯುತ್ತದೆ.

ಇಲ್ಲೊಂದು ಮಾತು ಗಟ್ಟಿಯಾಗಿ ಹೇಳಬೇಕು. ನಮ್ಮ ಕಡೆ ಪ್ರತಿ ಎರಡನೇ ಮನೆಯವರು ಗಲ್ಫ್‌ನಲ್ಲಿ ಇದ್ದಾರೆ. "ಭಾವ ಬರುವಾಗ ಅಲ್ಲಿಂದಲೇ ಒಂದು ಕಿಟ್ ತರಿಸಲಾ?" ಅಂತ ಕೇಳುವವರೂ ಇದ್ದಾರೆ. ದಯವಿಟ್ಟು ಬೇಡ. ಅನುಮತಿ ಇಲ್ಲದ ಸ್ಯಾಟಲೈಟ್ ಉಪಕರಣ ನಮ್ಮಲ್ಲಿ ಅಪರಾಧ. ಕರಾವಳಿ, ಘಟ್ಟದ ಕಡೆ ಸ್ಯಾಟಲೈಟ್ ಫೋನ್ ಸಿಗ್ನಲ್ ಕಂಡರೆ ಪೊಲೀಸರು ಹುಡುಕಿಕೊಂಡು ಬರುವ ಸುದ್ದಿ ನೀವೂ ಪೇಪರ್‌ನಲ್ಲಿ ಓದಿರುತ್ತೀರಿ. ಒಂದು ಪೆಟ್ಟಿಗೆಗಾಗಿ ಏರ್‌ಪೋರ್ಟ್‌ನಲ್ಲಿ ಭಾವನನ್ನು ಸಿಕ್ಕಿಸಬೇಡಿ.

ಹಾಗಾದರೆ ಏನು ಮಾಡುವುದು? ಅಂಗಳದಲ್ಲಿ ಒಂದು ಕಡ್ಡಿ ಉಂಟು ಅಂದಿರಲ್ಲ, ನನಗೆ ಅದೇ ಒಳ್ಳೆ ಸುದ್ದಿ. ಟವರ್ ಎಲ್ಲೋ ಒಂದು ಕಡೆ ಕೇಳುತ್ತಿದೆ. ಹೆಬ್ರಿ ಕಡೆಯ ಹೆಚ್ಚಿನ ಮನೆಗಳ ಕಥೆ ಒಂದೇ: ಮನೆ ತಗ್ಗಿನಲ್ಲಿ, ಸಿಗ್ನಲ್ ಹಿಂದಿನ ಗುಡ್ಡೆಯಲ್ಲಿ. ಮೊಬೈಲ್‌ಗೆ ಸೆಲ್ ಸಿಗ್ನಲ್ ತೋರಿಸುವ ಒಂದು ಆಪ್ ಹಾಕಿ. ಕಡ್ಡಿ ನೋಡಬೇಡಿ, ಆರ್‌ಎಸ್‌ಆರ್‌ಪಿ ಅನ್ನುವ ಸಂಖ್ಯೆ ನೋಡಿ, ಟವರ್‌ನ ಸಿಗ್ನಲ್ ಎಷ್ಟು ಗಟ್ಟಿ ಅಂತ ಅದು ಹೇಳುತ್ತದೆ. ಮೈನಸ್ 115 ಅಂದರೆ ಕಷ್ಟ. ಮೈನಸ್ 95ರ ಹತ್ತಿರ ಬಂದರೆ ಖುಷಿಯಲ್ಲಿ ಕೆಲಸ ಮಾಡಬಹುದು. ಅಂಗಳ, ಮಾಡು, ಗದ್ದೆ ಬದಿ, ಗುಡ್ಡೆ, ಎಲ್ಲ ಕಡೆ ನಿಂತು ಬರೆದಿಟ್ಟುಕೊಳ್ಳಿ. ಸಿಮ್ ಬೇರೆ ಬೇರೆ ಕಂಪನಿಯದ್ದು ಹಾಕಿ ನೋಡಿ, ಪಕ್ಕದ ಮನೆಯವರದ್ದು ಕೇಳಿದರೂ ಆಯಿತು.

ಸಂಖ್ಯೆ ಒಳ್ಳೆಯದಿರುವ ಜಾಗದಲ್ಲಿ ಒಂದು ಜಿಐ ಪೈಪ್ ನಿಲ್ಲಿಸಿ, ಹೊರಗೆ ಇಡುವಂಥ 4ಜಿ ಅಥವಾ 5ಜಿ ರೂಟರ್ ಕೂರಿಸಿ. ಅಲ್ಲಿಂದ ಮನೆಗೆ ಈಥರ್ನೆಟ್ ಕೇಬಲ್ ಎಳೆಯಿರಿ. ಒಂದೇ ಉದ್ದಕ್ಕೆ 100 ಮೀಟರ್‌ವರೆಗೆ ಎಳೆಯಬಹುದು, ರೂಟರ್‌ಗೆ ಬೇಕಾದ ಕರೆಂಟೂ ಅದೇ ಕೇಬಲ್‌ನಲ್ಲಿ ಹೋಗುತ್ತದೆ. ಮಾಡಿನ ಮೇಲೆಯೇ ಸಿಗ್ನಲ್ ಸಿಕ್ಕಿದರೆ ಡಿಶ್ ಬಿಚ್ಚಿ, ಅದರ ಸ್ಟ್ಯಾಂಡ್‌ನಲ್ಲೇ ರೂಟರ್ ನಿಲ್ಲಿಸಿ. ಟಿವಿಯ ಹಳೇ ಕೇಬಲನ್ನು ಮಾತ್ರ ಆಂಟೆನಾಗೆ ಬಳಸಬೇಡಿ. 4ಜಿ ಫ್ರೀಕ್ವೆನ್ಸಿಯಲ್ಲಿ 20 ಮೀಟರ್ ಕೇಬಲ್ ಇಳಿದು ಬರುವಷ್ಟರಲ್ಲಿ ಸಿಗ್ನಲ್ ಅರ್ಧಕ್ಕಿಂತ ಕಡಿಮೆ ಆಗಿರುತ್ತದೆ.

ಡಿಶ್‌ನ ತಟ್ಟೆಯೂ ಪೂರ್ತಿ ವ್ಯರ್ಥ ಅಲ್ಲ. ಎಲ್‌ಎನ್‌ಬಿ ತೆಗೆದು ಅದೇ ಜಾಗದಲ್ಲಿ ಸಣ್ಣ 4ಜಿ ಆಂಟೆನಾ ಇಟ್ಟು, ತಟ್ಟೆಯನ್ನು ಟವರ್ ಕಡೆ ತಿರುಗಿಸಿದರೆ ಸಿಗ್ನಲ್ ನಿಜವಾಗಿಯೂ ಏರುತ್ತದೆ. 2300 ಮೆಗಾಹರ್ಟ್ಸ್‌ನಲ್ಲಿ ಲಾಭ ಚೆನ್ನಾಗಿ ಕಾಣುತ್ತದೆ, 850ರಲ್ಲಿ ಕಡಿಮೆ, ಅಲ್ಲಿ ಅಲೆಯ ಉದ್ದ ಜಾಸ್ತಿ, ಅದರ ಮುಂದೆ ಈ ತಟ್ಟೆ ಸಣ್ಣದು. ಒಂದು ಸೂಕ್ಷ್ಮ ಉಂಟು. ನಮ್ಮ ಡಿಶ್‌ಗಳು ಆಫ್‌ಸೆಟ್, ಅಂದರೆ ಎಲ್‌ಎನ್‌ಬಿ ತಟ್ಟೆಯ ನಡುವಿನ ನೇರಕ್ಕೆ ಇಲ್ಲದೆ ಕೆಳಗೆ ಇರುವಂಥವು, ನೇರ ನಿಲ್ಲಿಸಿದರೂ ಅವು ನೋಡುವುದು 20-25 ಡಿಗ್ರಿ ಮೇಲಕ್ಕೆ. ಟವರ್ ಇರುವುದು ದಿಗಂತದಲ್ಲಿ. ಅದಕ್ಕೆ ತಟ್ಟೆಯನ್ನು ತಲೆಕೆಳಗೆ ಮಾಡಿ, ಕೋಲು ಮೇಲೆ ಬರುವ ಹಾಗೆ ಕಟ್ಟಿ, ಅಷ್ಟೇ ಡಿಗ್ರಿ ಹಿಂದಕ್ಕೆ ವಾಲಿಸಬೇಕು. ಇದು ಗೊತ್ತಿಲ್ಲದೆ ಎಷ್ಟೋ ಹುಡುಗರು "ಏನೂ ಆಗಲಿಲ್ಲ" ಅಂತ ಬಿಟ್ಟುಬಿಡುತ್ತಾರೆ. ಕಲಿಯಲು ಇದು ಒಳ್ಳೆ ಪ್ರಯೋಗ. ಸಂಬಳದ ಕೆಲಸಕ್ಕೆ ನಾನು ಹೊರಗಿನ ರೂಟರನ್ನೇ ಹೇಳುವುದು. ಅಂಗಡಿಯಲ್ಲಿ "ಬೂಸ್ಟರ್" ಅಂತ ಕೊಟ್ಟರೆ ಮಾತ್ರ ತರಬೇಡಿ. ಅನುಮತಿ ಇಲ್ಲದ ಮೊಬೈಲ್ ಬೂಸ್ಟರ್ ಕಾನೂನಿಗೆ ವಿರುದ್ಧ, ಊರಿನ ಎಲ್ಲರ ಫೋನನ್ನೂ ಅದು ಕೆಡಿಸುತ್ತದೆ.

ಏರ್‌ಫೈಬರ್ ಅಂತ ಮಾಡಿನ ಮೇಲೆ ಪೆಟ್ಟಿಗೆ ಕೂರಿಸುತ್ತಾರಲ್ಲ, ಅದನ್ನೂ ತುಂಬ ಜನ ಸ್ಯಾಟಲೈಟ್ ಅಂದುಕೊಂಡಿದ್ದಾರೆ. ಅದು ಟವರ್‌ನಿಂದಲೇ ಬರುವುದು. ನಿಮ್ಮ ಪಿನ್‌ಕೋಡ್‌ಗೆ ಉಂಟಾ ಅಂತ ಕೇಳಿ ನೋಡಿ.

ಫೈಬರ್ ಆಸೆಯನ್ನೂ ಬಿಡಬೇಡಿ. ಮುಖ್ಯ ರಸ್ತೆವರೆಗೆ ಬಂದಿದೆ ಅಂದರೆ ಉಳಿದದ್ದು ಕಂಬ ಮತ್ತು ಕೇಬಲ್ ಖರ್ಚು. ಒಬ್ಬರೇ ಕೇಳಿದರೆ ಆಪರೇಟರ್ ಹಿಂದೇಟು ಹಾಕುತ್ತಾರೆ. ಆಚೀಚೆಯ ನಾಲ್ಕೈದು ಮನೆಯವರು ಒಟ್ಟಾಗಿ ಕೇಳಿದರೆ ಕಥೆ ಬೇರೆ. ಬಿಎಸ್‌ಎನ್‌ಎಲ್ ಫೈಬರ್ ಹಳ್ಳಿಗಳಲ್ಲಿ ಹೆಚ್ಚಾಗಿ ಸ್ಥಳೀಯ ಕೇಬಲ್‌ನವರ ಮೂಲಕವೇ ಬರುವುದು, ಅವರನ್ನೇ ಹಿಡಿಯಿರಿ.

ಮಳೆ, ಸಿಡಿಲಿನ ಮಾತು ಬಿಟ್ಟರೆ ಈ ಉತ್ತರ ಪೂರ್ತಿ ಆಗದು. ಜೋರು ಮಳೆಗೆ ಟಿವಿ "ನೋ ಸಿಗ್ನಲ್" ಅನ್ನುವುದು ಆ ಫ್ರೀಕ್ವೆನ್ಸಿಯನ್ನು ನೀರಿನ ಹನಿ ನುಂಗುವುದರಿಂದ. ಸ್ಟಾರ್‌ಲಿಂಕ್ ಮನೆಗೆ ಬಳಸುವುದೂ ಅದೇ ಫ್ರೀಕ್ವೆನ್ಸಿ ಪಟ್ಟಿ, ಆಷಾಢದ ಮಳೆಗೆ ಅದೂ ಅಲ್ಲಲ್ಲಿ ತಡವರಿಸುತ್ತದೆ. 4ಜಿಗೆ ಮಳೆಗಿಂತ ಒದ್ದೆ ಎಲೆಯ ಕಾಟ ಜಾಸ್ತಿ. ಆದ್ದರಿಂದ ಆರ್‌ಎಸ್‌ಆರ್‌ಪಿಯನ್ನು ಮಳೆ ಬಂದು ನಿಂತ ಕೂಡಲೇ ಇನ್ನೊಮ್ಮೆ ಅಳೆಯಿರಿ. ಗುಡ್ಡೆಯ ಪೈಪ್‌ಗೆ ಅರ್ಥಿಂಗ್ ಮಾಡಿಸದೆ ಕೆಲಸ ಮುಗಿಸಲು ಬಿಡಬೇಡಿ. ಏಪ್ರಿಲ್, ಮೇ ಗುಡುಗು ಶುರುವಾದರೆ ಮನೆಯೊಳಗಿನ ತುದಿಯಲ್ಲಿ ಈಥರ್ನೆಟ್ ಕಿತ್ತಿಡಿ.

ಗುಡ್ಡೆ, ಗದ್ದೆ ಬದಿ, ಮಾಡು, ಮೂರೂ ಕಡೆಯ ಸಂಖ್ಯೆ ಮತ್ತು ಯಾವ ಸಿಮ್ ಅಂತ ಇಲ್ಲೇ ಬರೆಯಿರಿ. ಯಾವ ರೂಟರ್ ತರಬೇಕು, ಪೈಪ್ ಎಷ್ಟು ಎತ್ತರ ಬೇಕು ಅಂತ ಅದನ್ನು ನೋಡಿ ಹೇಳುತ್ತೇನೆ.