ರಿಲೇಷನಲ್ ಡೇಟಾಬೇಸ್‌ನಲ್ಲಿ ‘ರಿಲೇಷನ್’ ಅಂದರೆ ಯಾವುದು? ಎಸ್‌ಕ್ಯೂಎಲ್ ಬಂದರೆ ಸಾಲದೇ, ಗಣಿತ ಯಾಕೆ?

ನೀವು ಕೇಳಿದ್ದು ಇಷ್ಟು: ಟೇಬಲ್‌ಗಳನ್ನು ಫಾರಿನ್ ಕೀ (ಇನ್ನೊಂದು ಟೇಬಲ್ಲಿನ ಸಾಲನ್ನು ಸೂಚಿಸುವ ಕಾಲಂ) ಒಂದಕ್ಕೊಂದು ಬೆಸೆಯುವುದರಿಂದ ‘ರಿಲೇಷನಲ್’ ಎಂಬ ಹೆಸರು ಬಂತು ಎಂದು ಕ್ಲಾಸಿನಲ್ಲಿ ಹೇಳಿಕೊಟ್ಟಿದ್ದಾರೆ. ಹಾಗಿದ್ದ ಮೇಲೆ, ಡೇಟಾಬೇಸನ್ನು ಪ್ರಶ್ನೆ ಕೇಳುವ ಭಾಷೆಯಾದ ಎಸ್‌ಕ್ಯೂಎಲ್ ಬಂದರೆ ಸಾಲದೇ, ಸಿಲಬಸ್ಸಿನಲ್ಲಿ ಗಣಗಳು, ತರ್ಕ ಎಲ್ಲ ಯಾಕೆ?

ಹೆಸರಿನ ಕಥೆ ತಪ್ಪು. ನಾನೂ ಹಾಗೇ ಕಲಿತು, ಇಂಟರ್‌ವ್ಯೂನಲ್ಲಿ ಹಾಗೇ ಒಪ್ಪಿಸಿ ಕೆಲಸ ಗಿಟ್ಟಿಸಿದವನು, ಆದ್ದರಿಂದ ನಿಮ್ಮ ಮೇಷ್ಟರನ್ನು ದೂರುವ ಹಕ್ಕು ನನಗಿಲ್ಲ. ಆದರೆ ಒಂದೇ ಟೇಬಲ್ ಇದ್ದು, ಫಾರಿನ್ ಕೀ ಒಂದೂ ಇಲ್ಲದ ಡೇಟಾಬೇಸ್ ಕೂಡ ರಿಲೇಷನಲ್ಲೇ. ಯಾಕೆಂದರೆ ಇಲ್ಲಿ ರಿಲೇಷನ್ ಅಂದರೆ ಆ ಟೇಬಲ್ಲೇ.

ಪಿಯುಸಿ ಗಣಿತದಲ್ಲಿ ಗಣ ಆದಮೇಲೆ ‘ಸಂಬಂಧ’ ಎಂಬ ಪಾಠ ಇತ್ತಲ್ಲ, ಅದೇ ಇದು. ನಮ್ಮೂರ ಹಾಲಿನ ಡೇರಿಯ ಪುಸ್ತಕ ತೆಗೆದುಕೊಳ್ಳೋಣ. ಸದಸ್ಯರು ಮೂವರು: 1, 2, 3. ಹಾಲು ಹಾಕುವ ಹೊತ್ತು ಎರಡು: ಬೆಳಿಗ್ಗೆ, ಸಂಜೆ. ಆಗಬಹುದಾದ ಜೋಡಿಗಳು 3 × 2 = 6. ಇದು ಕಾರ್ಟೀಸಿಯನ್ ಗುಣಲಬ್ಧ. ಇವತ್ತು 2ನೇ ನಂಬರಿನವರ ಹಸು ಗಬ್ಬ, ಹಾಲು ಬತ್ತಿಸಿದ್ದಾರೆ. 3ನೆಯವರ ಮನೆಗೆ ನೆಂಟರು ಬಂದು ಸಂಜೆಯ ಹಾಲು ಡೇರಿಗೆ ಬರಲಿಲ್ಲ. ಹಾಗಾಗಿ ಆರರಲ್ಲಿ ನಿಜವಾಗಿದ್ದು ಮೂರೇ ಜೋಡಿ: (1, ಬೆಳಿಗ್ಗೆ), (1, ಸಂಜೆ), (3, ಬೆಳಿಗ್ಗೆ). ಆರು ಜೋಡಿಗಳ ಗಣದಲ್ಲಿ ಈ ಮೂರರ ಉಪಗಣವೇ ರಿಲೇಷನ್. ಲೀಟರು, ತಾರೀಖು ಸೇರಿಸಿದರೆ ಕಾಲಂ ಹೆಚ್ಚುತ್ತದೆ, ಮಾತು ಅದೇ.

ಇದನ್ನೇ ತರ್ಕದ ಕಡೆಯಿಂದ ನೋಡಿ, ನನಗೆ ಹೆಚ್ಚು ಹಿಡಿಸಿದ್ದು ಈ ಕಡೆ. ಟೇಬಲ್ಲಿನ ತಲೆಪಟ್ಟಿ ಖಾಲಿ ಜಾಗಗಳಿರುವ ವಾಕ್ಯ: “___ ನಂಬರಿನ ಸದಸ್ಯರು ಇವತ್ತು ___ ಹಾಲು ಹಾಕಿದರು.” ಪ್ರತಿ ಸಾಲೂ ಆ ಜಾಗ ತುಂಬಿ ನಿಜವಾದ ಒಂದು ವಾಕ್ಯ. ಸಾಲು ಇಲ್ಲವೇ? ಹಾಗಾದರೆ ಆ ವಾಕ್ಯ ಸುಳ್ಳು, ಹಾಲು ಹಾಕಿಲ್ಲ. ಸತ್ಯವನ್ನು ಎರಡು ಸಲ ಬರೆದರೆ ಅದು ಹೆಚ್ಚು ಸತ್ಯವಾಗುವುದಿಲ್ಲ, ಆದ್ದರಿಂದ ಗಣದಲ್ಲಿ ಒಂದೇ ಸಾಲು ಎರಡು ಬಾರಿ ಇರುವಂತಿಲ್ಲ. ಪ್ರತಿ ಸಾಲನ್ನೂ ಬೇರೆ ಎಂದು ಗುರುತಿಸುವ ಪ್ರೈಮರಿ ಕೀ ಹುಟ್ಟುವುದು ಇಲ್ಲಿಂದ. ಗಣಕ್ಕೆ ಮೊದಲು-ಕೊನೆ ಎಂಬುದಿಲ್ಲ, ಆದ್ದರಿಂದ ಆರ್ಡರ್ ಬೈ (ಇಂಥ ಕ್ರಮದಲ್ಲಿ ಕೊಡು ಎಂಬ ಎಸ್‌ಕ್ಯೂಎಲ್ ಮಾತು) ಹೇಳದೆ ಸಾಲುಗಳು ಹೀಗೇ ಬರಲಿ ಎಂದು ನಿರೀಕ್ಷಿಸುವಂತಿಲ್ಲ. (ಎಸ್‌ಕ್ಯೂಎಲ್ ಮಾತ್ರ ನಕಲು ಸಾಲುಗಳಿಗೆ ಬಾಗಿಲು ತೆರೆದಿಟ್ಟಿದೆ. ಗಣಿತದ ಮನೆಯಿಂದ ಅದು ಸ್ವಲ್ಪ ಆಚೆ ಬಂದು ಸಂಸಾರ ಹೂಡಿದ ಭಾಷೆ.)

ಇದನ್ನೆಲ್ಲ ತಂದವರು ಎಡ್ಗರ್ ಎಫ್. ಕಾಡ್. ಇಂಗ್ಲೆಂಡಿನಲ್ಲಿ ಹುಟ್ಟಿ, ಆಕ್ಸ್‌ಫರ್ಡ್‌ನಲ್ಲಿ ಗಣಿತ ಓದಿ, ಕಂಪ್ಯೂಟರ್ ಕಂಪನಿ ಐಬಿಎಂನ ಸ್ಯಾನ್ ಹೋಸೆ ಪ್ರಯೋಗಾಲಯದಲ್ಲಿದ್ದವರು. 1970ರಲ್ಲಿ ಅಚ್ಚಾದ ಅವರ ಪ್ರಬಂಧ ಹನ್ನೊಂದೇ ಪುಟ. ರಿಲೇಷನ್ ಎಂಬ ಪದವನ್ನು ಗಣಿತದಲ್ಲಿ ರೂಢಿಯಲ್ಲಿರುವ ಅರ್ಥದಲ್ಲೇ ಬಳಸುತ್ತೇನೆ ಎಂದು ಅದರಲ್ಲಿ ಅವರೇ ಬರೆದಿದ್ದಾರೆ. ಆಗ ಐಬಿಎಂನದೇ ಐಎಂಎಸ್‌ನಂಥ ಡೇಟಾಬೇಸ್ ವ್ಯವಸ್ಥೆಗಳಲ್ಲಿ ಮಾಹಿತಿ ಮರದ ಕೊಂಬೆಗಳ ಹಾಗೆ ಜೋಡಿಸಿರುತ್ತಿತ್ತು. ಯಾವ ಕೊಂಬೆ ಹಿಡಿದು ಎಲ್ಲಿಗೆ ಇಳಿಯಬೇಕೆಂದು ಪ್ರೋಗ್ರಾಂ ಬರೆಯುವವರೇ ಹೇಳಬೇಕಿತ್ತು. ಜೋಡಣೆ ಬದಲಾದರೆ ಪ್ರೋಗ್ರಾಂ ಕೆಡುತ್ತಿತ್ತು. ಒಳಗೆ ಮಾಹಿತಿ ಹೇಗಿದೆ ಎಂಬ ಉಸಾಬರಿ ಬಳಸುವವರಿಗೆ ಇರಬಾರದು ಎಂಬುದು ಕಾಡ್ ಅವರ ಹಟ. 1981ರಲ್ಲಿ ಅವರಿಗೆ ಕಂಪ್ಯೂಟರ್ ವಿಜ್ಞಾನದ ದೊಡ್ಡ ಗೌರವವಾದ ಟ್ಯೂರಿಂಗ್ ಪ್ರಶಸ್ತಿ ಬಂತು.

ಗಣಿತದಿಂದ ಸಿಕ್ಕ ದೊಡ್ಡ ಲಾಭ ಬೀಜಗಣಿತ. ಸಂಖ್ಯೆಗೆ ಸಂಖ್ಯೆ ಕೂಡಿಸಿದರೆ ಸಂಖ್ಯೆಯೇ ಬರುವ ಹಾಗೆ, ರಿಲೇಷನ್‌ನಿಂದ ಸಾಲು ಆಯ್ದರೂ, ಕಾಲಂ ಆಯ್ದರೂ, ಎರಡನ್ನು ಜಾಯಿನ್ ಮಾಡಿದರೂ (ಹೊಂದುವ ಸಾಲುಗಳನ್ನು ಜೋಡಿಸಿದರೂ) ಬರುವುದು ರಿಲೇಷನ್ನೇ. ಅದರ ಮೇಲೆ ಮತ್ತೊಂದು ಕ್ರಿಯೆ ಹೇರಬಹುದು. ಸಬ್‌ಕ್ವೆರಿ, ಅಂದರೆ ಪ್ರಶ್ನೆಯೊಳಗೊಂದು ಪ್ರಶ್ನೆ, ಬರೆಯಲು ಆಗುವುದು ಇದರಿಂದಲೇ. ಜೊತೆಗೆ ಕ್ರಿಯೆಗಳಿಗೆ ನಿಯಮಗಳಿವೆ. ab + ac ಲೆಕ್ಕಕ್ಕೆ ಎರಡು ಗುಣಾಕಾರ ಬೇಕು, a(b + c) ಎಂದು ಬರೆದುಕೊಂಡರೆ ಒಂದೇ ಸಾಕು, ಉತ್ತರ ಅದೇ. ನಮ್ಮ ಡೇರಿಯಲ್ಲಿ 500 ಸದಸ್ಯರಿದ್ದರೆ ವರ್ಷಕ್ಕೆ 500 × 2 × 365, ಅಂದರೆ 3,65,000 ಸಾಲುಗಳಾದಾವು. ಹೆಸರಿನ ಟೇಬಲ್ಲಿಗೆ ಅಷ್ಟನ್ನೂ ಜಾಯಿನ್ ಮಾಡಿ ಆಮೇಲೆ ಇವತ್ತಿನದನ್ನು ಹೆಕ್ಕುವುದೂ ಒಂದೇ, ಮೊದಲು ಇವತ್ತಿನ ಹೆಚ್ಚೆಂದರೆ 1,000 ಸಾಲು ಹೆಕ್ಕಿ ಅವನ್ನಷ್ಟೇ ಜಾಯಿನ್ ಮಾಡುವುದೂ ಒಂದೇ. ಉತ್ತರ ಬದಲಾಗದು ಎಂಬುದಕ್ಕೆ ಗಣಿತದ ಸಾಧನೆ (ಪ್ರೂಫ್) ಇರುವುದರಿಂದ ಆಪ್ಟಿಮೈಜರ್ (ಡೇಟಾಬೇಸಿನೊಳಗೆ ಕಡಿಮೆ ಶ್ರಮದ ದಾರಿ ಹುಡುಕುವ ಭಾಗ) ನಿಮ್ಮನ್ನು ಕೇಳದೆಯೇ ಎರಡನೆಯ ದಾರಿ ಹಿಡಿಯಬಲ್ಲದು.

ಒಂದೇ ಮಾಹಿತಿ ಹಲವು ಕಡೆ ಬರದಂತೆ ಟೇಬಲ್‌ಗಳನ್ನು ಒಡೆಯುವ ನಾರ್ಮಲೈಸೇಶನ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸದಸ್ಯರ ಹೆಸರು ಗೊತ್ತಾಗಲು ಅವರ ನಂಬರ್ ಸಾಕು, ಹೊತ್ತು ಬೇಕಿಲ್ಲ. ಹಾಗಿದ್ದೂ ಹೆಸರನ್ನು ಹಾಲಿನ ಪುಸ್ತಕದ ಪ್ರತಿ ಸಾಲಿನಲ್ಲೂ ಬರೆದರೆ, ಒಂದು ಕಡೆ ತಿದ್ದಿ ಇನ್ನೊಂದು ಕಡೆ ಮರೆತು ಬಟವಾಡೆ ದಿನ ಜಗಳ. ಯಾವುದು ಗೊತ್ತಾದರೆ ಯಾವುದು ತಾನೇ ಗೊತ್ತಾಗುತ್ತದೆ ಎಂಬ ಈ ನಂಟೇ ಫಂಕ್ಷನಲ್ ಡಿಪೆಂಡೆನ್ಸಿ.

ಇನ್ನು, ಎಸ್‌ಕ್ಯೂಎಲ್ ಬಂದರೆ ಸಾಲದೇ? ಕೆಲಸಕ್ಕೆ ಸೇರಲು ಸಾಕು, ಸೇರಿದ ಮೇಲೆ ತರ್ಕವೂ ಬೇಕು. ಸೇರಿದ ಮೊದಲ ವರ್ಷ ನನಗೆ ವರ್ಷವಿಡೀ ಒಮ್ಮೆಯೂ ಬಿಕರಿಯಾಗದ ಸಾಮಾನುಗಳ ಪಟ್ಟಿ ತೆಗೆಯಲು ಹೇಳಿದರು. ಮಾರಾಟದ ಟೇಬಲ್ಲಿನಲ್ಲಿ ಇಲ್ಲದ ಕೋಡ್‌ಗಳು ಬೇಕೆಂದು ‘ನಾಟ್ ಇನ್’ ಹಾಕಿದೆ. ಬಂದದ್ದು ಸೊನ್ನೆ ಸಾಲು. ಎಲ್ಲವೂ ಮಾರಾಟವಾಗಿದೆ ಎಂದು ಖುಷಿಯಾಗಿ ವರದಿ ಕಳಿಸಿಬಿಟ್ಟೆ. ಗೋಡೌನಿನವರು ಫೋನ್ ಮಾಡಿ ನಕ್ಕರು. ಇಡೀ ಮಧ್ಯಾಹ್ನ ತಡಕಾಡಿದ ಮೇಲೆ ಸಿಕ್ಕಿತು: ಮಾರಾಟದ ಒಂದೇ ಒಂದು ಸಾಲಿನಲ್ಲಿ ಕೋಡ್ ಜಾಗ ನಲ್ ಆಗಿತ್ತು. 7 ಎಂಬುದು (3, 5, ನಲ್) ಪಟ್ಟಿಯಲ್ಲಿ ಇಲ್ಲವೇ? 7 ಮೂರಲ್ಲ, ನಿಜ. ಐದಲ್ಲ, ನಿಜ. ನಲ್ ಅಲ್ಲವೇ? ನಲ್ ಅಂದರೆ ಗೊತ್ತಿಲ್ಲ, ಅದು ಏಳೇ ಇದ್ದರೂ ಇರಬಹುದು. ನಿಜ, ನಿಜ, ಗೊತ್ತಿಲ್ಲ: ಮೂರನ್ನೂ ‘ಮತ್ತು’ ಹಾಕಿ ಸೇರಿಸಿದರೆ ಉತ್ತರ ‘ಗೊತ್ತಿಲ್ಲ’. ಸಾಲು ಆಯುವ ವೇರ್ ಷರತ್ತು ಒಳಗೆ ಬಿಡುವುದು ನಿಜವನ್ನು ಮಾತ್ರ. ಹೀಗೆ ಪ್ರತಿ ಸಾಮಾನೂ ಬಾಗಿಲಲ್ಲೇ ನಿಂತಿತು. ‘ನಾಟ್ ಎಕ್ಸಿಸ್ಟ್ಸ್’ (ಹೊಂದುವ ಸಾಲು ಒಂದೂ ಇಲ್ಲವೇ ಎಂದಷ್ಟೇ ಕೇಳುವ ಷರತ್ತು) ಎಂದು ಬದಲಿಸಿದ ಕೂಡಲೇ ಗೋಡೌನಿನಲ್ಲಿ ಧೂಳು ತಿನ್ನುತ್ತಿದ್ದವೆಲ್ಲ ಪಟ್ಟಿಗೆ ಬಂದವು.