ಹೋಮ್‌ಸ್ಕೂಲಿಂಗ್ ತಾಯಿಯ ತುಂಬಿದ ವಾರ: ಒಂದು ಆಪ್ತಸಲಹೆ ಪ್ರಕರಣ

(ಕುಟುಂಬದ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಾಯಿಸಿ ಈ ಪ್ರಕರಣವನ್ನು ಬರೆಯಲಾಗಿದೆ.)

ಮೈಸೂರಿನ ಹೊರವಲಯದ ಬಡಾವಣೆಯೊಂದರಿಂದ ಬಂದಿದ್ದ ಈ ತಾಯಿಗೆ ಮೂವತ್ತೈದರ ಆಸುಪಾಸಿನ ವಯಸ್ಸು. ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ದೆ ಹತ್ತುವುದಿಲ್ಲ, ಹಗಲಿನಲ್ಲಿ ಸಣ್ಣ ಮಾತಿಗೂ ಮಕ್ಕಳ ಮೇಲೆ ರೇಗುತ್ತೇನೆ, ರೇಗಿದ ಮೇಲೆ ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಅಳುತ್ತೇನೆ ಎಂದು ಅವರು ಹೇಳಿದರು. ಎಂಟು ವರ್ಷದ ಮಗಳು, ಆರು ವರ್ಷದ ಮಗ, ಮೂರು ವರ್ಷದ ಕಿರಿಯವನು, ಮೂವರೂ ಮನೆಯಲ್ಲೇ ಇದ್ದಾರೆ. ಮಗಳನ್ನು ಒಂದನೇ ತರಗತಿಯ ನಡುವೆ ಖಾಸಗಿ ಶಾಲೆಯಿಂದ ಬಿಡಿಸಿದ ಮೇಲೆ, ಉಳಿದವರನ್ನೂ ಸೇರಿಸದೆ ತಾವೇ ಕಲಿಸುವುದೆಂದು ಗಂಡ ಹೆಂಡತಿ ನಿರ್ಧರಿಸಿದ್ದರು. ಗಂಡ ವಿದೇಶಿ ಕಂಪನಿಯ ವೇಳೆಗೆ ಹೊಂದಿಕೊಂಡು ಮನೆಯಿಂದಲೇ ಮಧ್ಯಾಹ್ನದಿಂದ ತಡರಾತ್ರಿಯವರೆಗೆ ಕೆಲಸ ಮಾಡುತ್ತಾರೆ. ಜೊತೆಯಲ್ಲಿರುವ ಅತ್ತೆ ಸರ್ಕಾರಿ ಪ್ರಾಥಮಿಕ ಶಾಲೆಯಿಂದ ನಿವೃತ್ತರಾದ ಶಿಕ್ಷಕಿ.

ನಿದ್ದೆಗೇಡು ಮತ್ತು ಅಳು ಬಹುದಿನಗಳಿಂದ ಇದ್ದುದರಿಂದ, ಮೊದಲ ಭೇಟಿಯಲ್ಲಿಯೇ ಖಿನ್ನತೆಯ ಲಕ್ಷಣಗಳನ್ನು ವಿಚಾರಿಸಿ, ಥೈರಾಯ್ಡ್ ಮತ್ತು ರಕ್ತಹೀನತೆಯ ಪರೀಕ್ಷೆಗಾಗಿ ವೈದ್ಯರನ್ನು ಕಾಣಲು ತಿಳಿಸಿದೆ. ರಾತ್ರಿಯ ಹೊತ್ತು ಮನಸ್ಸು ತೀರಾ ಕುಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬಹುದು, ಅಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು ಎಂದೂ ಹೇಳಿದೆ. ಮಕ್ಕಳ ಓದಿನ ಮಾತನ್ನು ಅದಾದ ಮೇಲಷ್ಟೇ ಎತ್ತಿಕೊಂಡೆವು.

ಒಂದು ವಾರದ ದಿನಚರಿಯನ್ನು ಎರಡು ಅಂಕಣಗಳಲ್ಲಿ ಬರೆದು ತರಲು ಕೇಳಿದೆ. ಮೊದಲನೆಯದರಲ್ಲಿ ಮಾಡಿದ ಕೆಲಸ, ಎರಡನೆಯದರಲ್ಲಿ ಅದನ್ನು ಯಾರಿಗಾಗಿ ಮಾಡಿದ್ದು. ಮೊದಲ ಅಂಕಣ ನಾನು ನಿರೀಕ್ಷಿಸಿದಂತೆಯೇ ಕಿಕ್ಕಿರಿದಿತ್ತು. ಬೆಳಿಗ್ಗೆ ಐದೂವರೆಗೆ ಏಳುವುದು, ತಿಂಡಿ, ಪ್ರಾರ್ಥನೆ, ಒಂಬತ್ತರಿಂದ ಒಂದರವರೆಗೆ ಗಂಟೆ ಹೊಡೆದಂತೆ ಪೀರಿಯಡ್‌ಗಳು. ಮಗಳಿಗೆ ಒಂದು ಪಾಠ, ಅದು ಮುಗಿದೊಡನೆ ಮಗನಿಗೆ ಬೇರೆ ಪಾಠ. ಅಷ್ಟು ಹೊತ್ತು ಕಿರಿಯವನ ಕೈಗೆ ಮೊಬೈಲ್. ಮಂಗಳವಾರ ಈಜು, ಬುಧವಾರ ಪ್ರಾಜೆಕ್ಟ್, ಗುರುವಾರ ಮೃಗಾಲಯ ಅಥವಾ ಕಾರಂಜಿ ಕೆರೆ, ಶನಿವಾರ ಕಿರುಪರೀಕ್ಷೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಮರುದಿನದ ವರ್ಕ್‌ಶೀಟ್‌ಗಳ ಮುದ್ರಣ, ಆ ದಿನದ ಫೋಟೋಗಳ ವಿಂಗಡಣೆ.

ಸಮಸ್ಯೆಯ ಬೇರು ಎರಡನೆಯ ಅಂಕಣದಲ್ಲಿ ಕಂಡಿತು. ಕಿರುಪರೀಕ್ಷೆಯ ಎದುರು “ಅತ್ತೆಗೆ ತೋರಿಸಲು” ಎಂದು ಬರೆದಿದ್ದರು. ಫೋಟೋಗಳ ಎದುರು “ತವರಿನ ವಾಟ್ಸಾಪ್ ಗುಂಪಿಗೆ”. ಇಂಗ್ಲಿಷ್ ಕಾಪಿ ಬರಹದ ಎದುರು “ನಾಳೆ ಯಾರಾದರೂ ಕೇಳಿದರೆ”. ಶಾಲೆ ಬಿಡಿಸಿದ ತಪ್ಪಿಗೆ ದಿನವೂ ಸಮಜಾಯಿಷಿ ಬರೆಯುತ್ತಿದ್ದಂತಿತ್ತು. ಮಕ್ಕಳಿಗಾಗಿ ಎಂದು ಅವರೇ ಗುರುತಿಸಿದ್ದ ಕೆಲಸಗಳು ವಾರದ ಚಿಕ್ಕ ಪಾಲಾಗಿದ್ದವು, ಮತ್ತು ಅವುಗಳನ್ನು ಮಾಡುವಾಗ ರೇಗಿದ್ದಾಗಿ ಎಲ್ಲಿಯೂ ಬರೆದಿರಲಿಲ್ಲ. ಇಂಥ ಕುಟುಂಬಗಳಿಗೆ ಸಾಮಾನ್ಯವಾಗಿ ಸಿಗುವ ಸಲಹೆ ವೇಳಾಪಟ್ಟಿಯನ್ನು ಇನ್ನಷ್ಟು ಬಿಗಿಗೊಳಿಸಿ ಎಂಬುದು; ಇವರ ವಿಷಯದಲ್ಲಿ ಅದು ಬೆಂಕಿಗೆ ತುಪ್ಪ ಸುರಿದಂತಾಗುತ್ತಿತ್ತು.

ಆದ್ದರಿಂದ ನನ್ನ ಮೊದಲ ಸಲಹೆ ಲೆಕ್ಕ ಒಪ್ಪಿಸುವ ಕೆಲಸವನ್ನು ಕಲಿಸುವ ಕೆಲಸದಿಂದ ಬೇರ್ಪಡಿಸುವುದಾಗಿತ್ತು. ಪ್ರತಿ ಮಗುವಿಗೆ ಒಂದು ನೋಟ್‌ಬುಕ್ ಇಟ್ಟು, ಭಾನುವಾರ ಮಾತ್ರ ತಾರೀಖು ಹಾಕಿ, ಆ ವಾರ ಮಗು ಹೊಸದಾಗಿ ಏನು ಮಾಡಿತು ಎಂದು ಎರಡು ಸಾಲು ಬರೆಯಬೇಕು; ಕೇಳಿದವರಿಗೆ ಅದನ್ನೇ ತೋರಿಸಬೇಕು. ಫೋಟೋ ಕಳುಹಿಸುವುದನ್ನೂ ಶನಿವಾರದ ಪರೀಕ್ಷೆಯನ್ನೂ ತಿಂಗಳ ಮಟ್ಟಿಗೆ ನಿಲ್ಲಿಸಲು ಹೇಳಿದೆ. ಪರೀಕ್ಷೆ ನಿಲ್ಲಿಸುವುದಕ್ಕೆ ಅವರು ಸುಲಭವಾಗಿ ಒಪ್ಪಲಿಲ್ಲ. “ಅತ್ತೆಯವರು ಸುಮ್ಮನಿರೋದಿಲ್ಲ ಮೇಡಂ” ಎಂದರು. ಹಾಗಿದ್ದರೆ ಅತ್ತೆಯವರನ್ನೂ ಗಂಡನನ್ನೂ ಮುಂದಿನ ಬಾರಿ ಕರೆತನ್ನಿ ಎಂದೆ.

ಆ ಭೇಟಿ ಈ ಪ್ರಕರಣದ ತಿರುವಾಯಿತು. ಅತ್ತೆಯವರ ಅಸಮಾಧಾನದ ಹಿಂದೆ ಮೊಮ್ಮಕ್ಕಳ ಕೈಗೆ ನಾಳೆ ಯಾವ ಸರ್ಟಿಫಿಕೇಟ್ ಸಿಗುತ್ತದೆ ಎಂಬ ಭಯವಿತ್ತು. ಅದು ನ್ಯಾಯವಾದ ಭಯವೇ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆ ಆರರಿಂದ ಹದಿನಾಲ್ಕು ವರ್ಷದ ಮಕ್ಕಳನ್ನು ಶಾಲೆಗೆ ಸೇರಿಸುವುದು ಪಾಲಕರ ಕರ್ತವ್ಯವೆನ್ನುತ್ತದೆ. ಮನೆಯಲ್ಲೇ ಕಲಿಸುವ ಪದ್ಧತಿಯನ್ನು ಅದು ಹೆಸರಿಸಿಯೇ ಇಲ್ಲ. ಈ ಅಸ್ಪಷ್ಟತೆಯನ್ನು ತಿಳಿದೇ ಮುಂದುವರಿಯಬೇಕೆಂದು ಮೂವರಿಗೂ ಹೇಳಿದೆ. ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯಲ್ಲಿ ಮೂರು, ಐದು ಮತ್ತು ಎಂಟನೇ ತರಗತಿಗೆ ಸಮನಾದ ಹಂತಗಳಿವೆ. ಹದಿನಾಲ್ಕು ತುಂಬಿದ ಮೇಲೆ ಅಲ್ಲಿಯೇ ಹತ್ತನೇ ತರಗತಿಗೆ ನೋಂದಾಯಿಸಬಹುದು ಎಂಬುದನ್ನು ವಿವರಿಸಿದ ಮೇಲೆ ಆ ಹಿರಿಯರ ಮುಖ ಸ್ವಲ್ಪ ಸಡಿಲವಾಯಿತು.

ಅನಂತರ ನಾನು, ಎರಡು ವಯಸ್ಸಿನ ಮಕ್ಕಳಿಗೆ ಪ್ರತ್ಯೇಕವಾಗಿ ಪಾಠ ಮಾಡಿ ಸೊಸೆ ಸೋಲುತ್ತಿದ್ದಾರೆ ಎಂದಾಗ, ಅವರು ತಟ್ಟನೆ, “ಯಾಕೆ ಬೇರೆ ಬೇರೆ? ನಲಿ-ಕಲಿಯಲ್ಲಿ ನಾನು ಮೂರು ಕ್ಲಾಸನ್ನ ಒಂದೇ ಕೋಣೆಯಲ್ಲಿ ಕೂರಿಸ್ತಿರಲಿಲ್ವೇ?” ಎಂದರು. 1995ರಲ್ಲಿ ಇದೇ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ನಲಿ-ಕಲಿ ಪದ್ಧತಿಯಲ್ಲಿ ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕುಳಿತು, ಕಲಿಕೆಯ ಹಂತಗಳನ್ನು ಒಂದರ ಮೇಲೊಂದು ಜೋಡಿಸಿ ತೋರಿಸುವ ಕಲಿಕಾ ಏಣಿಯ ಮೇಲೆ ತಾವು ನಿಂತ ಮೆಟ್ಟಿಲಿನಿಂದ ತಮ್ಮ ವೇಗದಲ್ಲಿ ಮುಂದೆ ಹೋಗುತ್ತಾರೆ. ಅಕ್ಷರಗಳನ್ನೂ ವರ್ಣಮಾಲೆಯ ಕ್ರಮದಲ್ಲಿ ಕಲಿಸುವುದಿಲ್ಲ. ರ, ಗ, ಸ, ದ, ಅ ಎಂಬ ಗುಂಪಿನಿಂದ ಆರಂಭಿಸಿ, ಆ ಕೆಲವೇ ಅಕ್ಷರಗಳಿಂದ ‘ಸರ’, ‘ಗರಗಸ’ ಎಂಬ ಪದಗಳನ್ನು ಬೇಗನೆ ಓದಿಸುತ್ತಾರೆ. ಮೊಮ್ಮಗ ‘ಅ’ದಿಂದ ಹೊರಟು ‘ಋ’ದಲ್ಲಿ ಸಿಕ್ಕಿಬಿದ್ದಿದ್ದ. ಇಷ್ಟು ಅನುಭವವಿದ್ದ ಶಿಕ್ಷಕಿಯನ್ನು ಮನೆಯಲ್ಲಿ ಯಾರೂ ಒಂದು ಮಾತು ಕೇಳಿರಲಿಲ್ಲ. ಕೇಳದ ಮೇಲೆ ಅವರಿಗೆ ಉಳಿದದ್ದು ನೋಟ್‌ಬುಕ್ ತಪಾಸಣೆಯೊಂದೇ.

ಆ ದಿನ ಮೂವರೂ ಕೂತು ಒಪ್ಪಿದ ಏರ್ಪಾಡು ಹೀಗಿತ್ತು. ಬೆಳಿಗ್ಗೆಯ ಮೊದಲ ಅರ್ಧ ಗಂಟೆಯನ್ನು ತಾಯಿ ಕಿರಿಯವನಿಗೇ ಮೀಸಲಿಡಬೇಕು, ಏಕೆಂದರೆ ಹೊಟ್ಟೆ ತುಂಬಿ, ಮಡಿಲೂ ಸಿಕ್ಕಿದ ಮೂರು ವರ್ಷದ ಮಗು ಆಮೇಲೆ ತನ್ನ ಪಾಡಿಗೆ ಆಡಿಕೊಂಡಿರುವ ಸಾಧ್ಯತೆ ಹೆಚ್ಚು. ಕನ್ನಡ ಓದು ಬರಹ ಅಜ್ಜಿಯ ಪಾಲಿಗೆ, ಇಬ್ಬರಿಗೂ ಒಟ್ಟಿಗೆ. ಅಕ್ಕ ಓದಿದ್ದನ್ನು ತಮ್ಮ ಕೇಳಬೇಕು, ತಮ್ಮನ ಪದಗಳನ್ನು ಅಕ್ಕ ಬರೆಸಬೇಕು. ಮಗನಿಗೆ ಮೇಜಿನ ಮುಂದೆ ಒಮ್ಮೆಗೆ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಬೇಡ. ಮಗಳಿಗೂ ಎಲ್ಲ ಸೇರಿ ದಿನಕ್ಕೆ ಎರಡು ಗಂಟೆ ಧಾರಾಳವಾಯಿತು. ವರ್ಕ್‌ಶೀಟ್‌ಗಳ ಬದಲು ರಾಜ್ಯದ ಪಠ್ಯಪುಸ್ತಕಗಳು ಅಂತರ್ಜಾಲದಲ್ಲಿ ಉಚಿತವಾಗಿಯೇ ಸಿಗುತ್ತವೆ. ಹೊರಗಿನ ತಿರುಗಾಟ ವಾರಕ್ಕೆ ಒಂದೇ.

ಗಂಡನೊಂದಿಗಿನ ಮಾತು ಕಠಿಣವಾಗಿತ್ತು. “ಹೇಳಿದ್ರೆ ನಾನು ಹೆಲ್ಪ್ ಮಾಡ್ತೀನಿ” ಎಂದು ಅವರು ಮತ್ತೆ ಮತ್ತೆ ಹೇಳಿದರು. ಹೇಳಿ ಮಾಡಿಸುವುದೂ ಹೆಂಡತಿಯ ಕೆಲಸವಾಗಿಯೇ ಉಳಿಯುತ್ತದೆ ಎಂದು ವಿವರಿಸಿ, ಗಣಿತವನ್ನು ಪೂರ್ತಿಯಾಗಿ, ಅಂದರೆ ಯಾವ ಪಾಠ, ಯಾವಾಗ, ಮಗಳಿಗೆ ಅರ್ಥವಾಯಿತೇ ಎಂಬುದನ್ನೆಲ್ಲ ಸೇರಿಸಿ, ಅವರು ವಹಿಸಿಕೊಳ್ಳಬೇಕೆಂದೆ. ಬೆಳಿಗ್ಗೆ ಹತ್ತರಿಂದ ಹನ್ನೊಂದು ಅವರದು. ಆ ಹೊತ್ತಿನಲ್ಲಿ ತಾಯಿ ಮನೆಯಿಂದ ಹೊರಗೆ ನಡೆದುಬರಬೇಕು, ಒಳಗಿದ್ದರೆ ಮಕ್ಕಳು ಅವರನ್ನೇ ಕರೆಯುತ್ತಾರೆ.

ಆರು ವಾರಗಳ ನಂತರದ ಭೇಟಿಯ ಹೊತ್ತಿಗೆ ನಿದ್ದೆ ಬಹುಮಟ್ಟಿಗೆ ಸರಿಹೋಗಿತ್ತು. ಪರೀಕ್ಷೆಯಲ್ಲಿ ಪತ್ತೆಯಾದ ರಕ್ತಹೀನತೆಗೆ ಮಾತ್ರೆ ನಡೆಯುತ್ತಿತ್ತು, ಸುಧಾರಣೆಯಲ್ಲಿ ಅದರ ಪಾಲೂ ಇರಬೇಕು. ಗಣಿತದ ಗಂಟೆ ಮಾತ್ರ ಆಗಾಗ ತಪ್ಪುತ್ತಿತ್ತು. ತಪ್ಪಿದ ದಿನ ಅದನ್ನು ತಾಯಿ ತುಂಬಬಾರದು, ಆ ದಿನ ಗಣಿತವಿಲ್ಲದೆಯೇ ಕಳೆಯಲಿ ಎಂದೆ.

ಅಂದು ಅವರು ತಂದ ಹೊಸ ಚಿಂತೆ ಬೇರೆ. ತನಗೆ ಗೆಳತಿಯರು ಬೇಕು, ಶಾಲೆಗೆ ಹೋಗಲೇ ಎಂದು ಮಗಳು ಕೇಳಿದ್ದಳು. ಇದನ್ನು ನಿಮ್ಮ ಸೋಲಿನ ತೀರ್ಪೆಂದು ತೆಗೆದುಕೊಳ್ಳಬೇಡಿ, ಹಾಗೆಂದು ಮಾತು ಮರೆಸಲೂಬೇಡಿ ಎಂದು ಹೇಳಿದೆ. ಆರು ವರ್ಷ ಮೀರಿದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳಬೇಕೆಂದು ಅದೇ ಕಾಯ್ದೆಯ 4ನೇ ಕಲಂ ಹೇಳುತ್ತದೆ, ಆದ್ದರಿಂದ ಅವಳು ಒಂದನೇ ತರಗತಿಗೆ ಹಿಂದಿರುಗಬೇಕಾಗಿಲ್ಲ. ಬೇಸಿಗೆ ರಜೆಗೆ ಮುಂಚೆ ಹತ್ತಿರದ ಎರಡು ಶಾಲೆಗಳಿಗೆ ಅವಳನ್ನೇ ಕರೆದೊಯ್ದು ತೋರಿಸಿ, ಹಿಂದಿನ ಶಾಲೆಯಲ್ಲಿ ಏನು ಹಿಡಿಸಲಿಲ್ಲವೆಂಬುದನ್ನು ಅವಳ ಬಾಯಿಂದಲೇ ಕೇಳಿ, ಜೂನ್‌ಗೆ ಮೊದಲು ತೀರ್ಮಾನಿಸಲು ತಿಳಿಸಿದ್ದೇನೆ. ತಮ್ಮನಿಗೂ ಅದೇ ತೀರ್ಮಾನ ಅನ್ವಯಿಸಬೇಕಾಗಿಲ್ಲ.