ನಾಲ್ಕು ಸಲ ಮೊದಲನೇ ಅಧ್ಯಾಯ

ಈ ಥರದ ಕೇಸು ಪದೇ ಪದೇ ಬರ್ತಾನೇ ಇದೆ, ಅದಕ್ಕೇ ಬರೀತಿದೀನಿ, ಗುರುತು ಸಿಗದ ಹಾಗೆ ವಿವರ ಬದಲಾಯಿಸಿದೀನಿ. ಡಿಜಿಟಲ್ ಕಮ್ಯುನಿಕೇಶನ್ ಓದೋ ಹುಡುಗಿ. ಪ್ರಾಬಬಿಲಿಟಿ ಪುಸ್ತಕ ನಾಲ್ಕು ಸಲ ಹಿಡಿದು, ನಾಲ್ಕೂ ಸಲ ರ‍್ಯಾಂಡಮ್ ಪ್ರೋಸೆಸ್ (ಯಾವ ಅಲೆ ಬರುತ್ತೋ ಮೊದಲೇ ಗೊತ್ತಿಲ್ಲದ ಸಿಗ್ನಲ್ ಲೆಕ್ಕ) ಬಂದ ತಕ್ಷಣ "ನನ್ ಬೇಸಿಕ್ಸ್ ವೀಕು" ಅಂತ ವಾಪಸ್ ಮೊದಲನೇ ಅಧ್ಯಾಯದ ದಾಳ, ಇಸ್ಪೀಟೆಲೆಗೆ. ನೋಟ್ಸಲ್ಲಿ ಮೊದಲ ಮೂವತ್ತು ಪುಟ ನಾಲ್ಕು ಬಣ್ಣದ ಇಂಕು, ಆಮೇಲೆ ಖಾಲಿ.

ನನ್ನ ಹತ್ರ ಎರಡನೇ ಸಲ ಬಂದಾಗ, ಎಲ್ಲಿ ಸಿಕ್ಕಾಕೊಳ್ತೀಯ ತೋರಿಸು ಅಂದೆ. ಒಂದು ಕೊಸೈನ್ ಬರೆದ್ಲು, ಫೇಸ್ (ಅಲೆ ಎಲ್ಲಿಂದ ಶುರು ಅನ್ನೋದು) 0 ಇಂದ 2ಪೈ ತನಕ ಯೂನಿಫಾರ್ಮ್, ಅಂದ್ರೆ ಎಲ್ಲಾ ಫೇಸಿಗೂ ಒಂದೇ ಸಮ ಸಾಧ್ಯತೆ. "ಮೇಡಂ, ಅಲೆ ನೀಟಾಗೇ ಇದೆಯಲ್ಲ, ಇದ್ರಲ್ಲಿ ರ‍್ಯಾಂಡಮ್ ಎಲ್ಲಿದೆ?" ಪೆದ್ದು ಪ್ರಶ್ನೆ ಅನ್ಕೊಂಡು ಇದನ್ನ ಯಾರ ಹತ್ರನೂ ಕೇಳಿರ್ಲಿಲ್ವಂತೆ! ಬೇರೆ ಬೇರೆ ಫೇಸಿನ ಐದು ಕೊಸೈನ್ ಒಂದರ ಕೆಳಗೊಂದು ಬರೆಸಿದೆ, ಸ್ಕೇಲ್ ಇಟ್ಟು ಮೇಲಿಂದ ಕೆಳಕ್ಕೆ ಒಂದು ಗೆರೆ ಎಳೆದೆ. ಅಡ್ಡಕ್ಕೆ ಓದಿದ್ರೆ ಒಂದೊಂದೂ ಮಾಮೂಲಿ ಅಲೆ, ಗೆರೆ ಹಿಡಿದು ಕೆಳಕ್ಕೆ ಓದಿದ್ರೆ ರ‍್ಯಾಂಡಮ್ ವೇರಿಯಬಲ್. ಸ್ಕೇಲ್ ಅವಳೇ ತಗೊಂಡು ಆ ಕಡೆ ಈ ಕಡೆ ಜರುಗಿಸಿದ್ಲು, ಐದೇ ಅಲ್ಲ ಎಲ್ಲಾ ಫೇಸೂ ಇದೆ ಅನ್ಕೋ, ಎಲ್ಲಿಟ್ರೂ ಸರಾಸರಿ 0 ತಾನೆ ಅಂದೆ. ಸ್ವಲ್ಪ ಹೊತ್ತು ಬಿಟ್ಟು, "ಸ್ಟೇಷನರಿ ಅಂದ್ರೆ ಸ್ಕೇಲ್ ಜರುಗಿಸಿದ್ರೂ ಏನೂ ಬದಲಾಗಲ್ಲ ಅಂತಾನಾ" ಅಂದ್ಲು.

ನಾನು ಹೇಳಿದ್ದು ಇಷ್ಟೇ, ದಾಳ ಮುಟ್ಟಬೇಡ. ಬಿಪಿಎಸ್‌ಕೆ (ಬಿಟ್ಟನ್ನ ಅಲೆಯ ಎರಡು ಫೇಸಲ್ಲಿ ಕಳಿಸೋ ವಿಧಾನ) ಬಿಟ್ ಎರರ್ ಲೆಕ್ಕದಿಂದ ಹಿಂದಕ್ಕೆ ಬಾ, ಕ್ಯೂ ಫಂಕ್ಷನ್ (ಗಂಟೆ ಆಕಾರದ ಗಾಸಿಯನ್ ಕರ್ವಿನ ಬಾಲದ ಭಾಗ) ಬಂದಾಗ ಗಾಸಿಯನ್ ಓದು, ನಾಯ್ಸ್ ಪವರ್ ಬಂದಾಗ ಆಟೊಕೊರಿಲೇಷನ್ (ಸಿಗ್ನಲ್ಲಿನ ಈಗಿನ ಬೆಲೆಗೂ ಸ್ವಲ್ಪ ಹೊತ್ತಿನ ಮೇಲಿನ ಬೆಲೆಗೂ ಇರೋ ನಂಟು) ಓದು, ರಿಸೀವರ್ ಯಾವ ಬಿಟ್ ಅಂತ ತೀರ್ಮಾನ ಮಾಡೋ ಜಾಗಕ್ಕೆ ಬೇಯ್ಸ್ ಸೂತ್ರ (ಬಂದದ್ದನ್ನ ನೋಡಿ ಕಳಿಸಿದ್ದು ಯಾವುದಿರಬಹುದು ಅನ್ನೋ ಲೆಕ್ಕ) ಬೇಕೇ ಬೇಕು, ಅದೊಂದಕ್ಕೆ ಹಿಂದೆ ಹೋಗು. ಲಕ್ಷಕ್ಕೆ ಒಂದೇ ಬಿಟ್ ತಪ್ಪಾಗ್ಬೇಕು ಅಂದ್ರೆ ಬಿಟ್ ಎನರ್ಜಿ ನಾಯ್ಸ್ ಡೆನ್ಸಿಟಿಗಿಂತ ಸುಮಾರು 9.6 ಡಿಬಿ ಜಾಸ್ತಿ ಇರ್ಬೇಕು, ಅದು ಯಾಕೆ ಅಂತ ನೀನೇ ಲೆಕ್ಕ ಹಾಕಿ ತೋರಿಸೋ ತನಕ ಮೊದಲನೇ ಅಧ್ಯಾಯ ಬಂದ್.

ಅಡಿಪಾಯ ಇಲ್ದೆ ಮಾಳಿಗೆ ಕಟ್ಟಿಸ್ತೀರಾ ಅಂತ ಜೊತೆಗಿರೋರೊಬ್ರು ರೇಗಿದ್ರು. ಅಡಿಪಾಯನಾ, ನಾಲ್ಕು ಸಲ ಹಾಕಿದಾಳಲ್ರೀ! ಮುಂದಿನ ಪುಟದ ಭಯಕ್ಕೆ ಶಿಸ್ತು ಅಂತ ಹೆಸರಿಟ್ಕೊಂಡಿದ್ಲು ಅಷ್ಟೆ. ಎಲ್ರಿಗೂ ಇದೇ ಮದ್ದು ಅಂತ ನಾನೇನೂ ಹೇಳ್ತಿಲ್ಲ, ಎಣಿಕೆನೇ ಬರದೇ ಇರೋರಿಗೆ ದಾಳದಿಂದಾನೇ ಶುರು ಮಾಡಿಸ್ತೀನಿ.

ಮೂರು ವಾರ ಆದ್ಮೇಲೆ ಬಂದ್ಲು, 9.6 ಇನ್ನೂ ಸಿಕ್ಕಿರ್ಲಿಲ್ಲ. ಬದಲಿಗೆ ಒಂದು ಪ್ರಶ್ನೆ ತಂದಿದ್ಲು: "ಟಾಸ್ ಹಾಕಿ +1 ಇಲ್ಲಾ −1 ಆರಿಸಿ ಅದನ್ನೇ ಕೊನೆ ತನಕ ಇಟ್ಟರೆ, ಕೆಳಕ್ಕೆ ಓದಿದ್ರೆ ಸರಾಸರಿ 0, ಅಡ್ಡಕ್ಕೆ ಓದಿದ್ರೆ ಯಾವತ್ತೂ 0 ಬರಲ್ವಲ್ಲ ಮೇಡಂ?" ಅಡ್ಡಕ್ಕೆ ಓದಿದ್ರೂ ಕೆಳಕ್ಕೆ ಓದಿದ್ರೂ ಒಂದೇ ಸರಾಸರಿ ಬಂದ್ರೆ ಅದಕ್ಕೆ ಎರ್ಗೋಡಿಕ್ ಅಂತಾರೆ, ಆ ಪದ ಅವಳಿನ್ನೂ ಓದಿರ್ಲಿಲ್ಲ.